ಚುರುಮರಿ ಯಂತ್ರದ ಜ್ಞಾಪಕಶಕ್ತಿಯ ವಿರುದ್ಧ ಒಂದು ವಿನಮ್ರ ದೂರು

ಇವರಿಗೆ,
ಶ್ರೀ 'ಚುರುಕುಮರಿ' ಯಂತ್ರದವರು,
ಲಾಲಸಾಬ ಚುರುಮರಿ ಭಟ್ಟಿ,
ಗೋಕುಲ ರಸ್ತೆಯ ಹಿಂದಿನ ಓಣಿ, ಹುಬ್ಬಳ್ಳಿ.

ಮಾನ್ಯರೇ,

ತಮ್ಮ ಡ್ರಮ್ಮು ಎಡೆಬಿಡದೆ ತಿರುಗುತ್ತಿದೆಯೆಂದೂ, ಹೊಟ್ಟೆಯೊಳಗಿನ ಮರಳು ಬೆಚ್ಚಗಿದೆಯೆಂದೂ, ಗ್ಯಾಸ್ ಸಿಲಿಂಡರಿನ ಕೃಪೆಯಿಂದ ತಾವು ಸಕಲ ಉಷ್ಣಗಳೊಂದಿಗೆ ಕ್ಷೇಮವೆಂದೂ ನಂಬಿ, ತಮ್ಮ ಚಿಮಣಿಗೆ ಕೈಮುಗಿದು ಈ ಪತ್ರ ಆರಂಭಿಸುತ್ತಿದ್ದೇನೆ. ಇತ್ತ ನಾನೂ ಕ್ಷೇಮ. ಮಾನ ಮಾತ್ರ ಸ್ವಲ್ಪ ಹದ ತಪ್ಪಿದೆ. ತಂದೆಯಾದವನು ಮಗನಿಗೆ ಬಹುವಚನದಲ್ಲಿ ಬರೆಯುವುದು ನಮ್ಮ ಕಡೆ ರೂಢಿಯಲ್ಲ. ಆದರೆ ನಾನು ತಮಗೆ ತಂದೆಯಾಗಿರುವುದು ಕಾಗದಪತ್ರಗಳಲ್ಲಿ ಮಾತ್ರವಾದ್ದರಿಂದ, ಮತ್ತು ಆ ಕಾಗದಪತ್ರಗಳೇ ಈಗ ತಕರಾರಿನಲ್ಲಿ ಇರುವುದರಿಂದ, 'ತಾವು' ಎನ್ನುವುದೇ ಕಾನೂನಿನ ದೃಷ್ಟಿಯಿಂದ ಸುರಕ್ಷಿತವೆಂದು ಭಾವಿಸಿದ್ದೇನೆ. ಇದನ್ನು ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ಅಂತರಂಗದಲ್ಲಿ ಬರೆದುಕೊಂಡ ಮೂರು ಕರಡುಗಳಲ್ಲೂ ನಾನೇ ಗೆದ್ದುಬಿಟ್ಟಿದ್ದೆ.

ತಮ್ಮನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಹದ ಮಾಡಿದ ಅಕ್ಕಿಯನ್ನು ಕಾದ ಮರಳಿನಲ್ಲಿ ತಿರುವಿ, ಅರಳಿಸಿ, ಜರಡಿ ಹಿಡಿದು, ಎಡಬದಿಯ ಸ್ವಯಂಚಾಲಿತ ಬಾಗಿಲಿನಿಂದ ಚುರುಮರಿಯಾಗಿ ಹೊರಕ್ಕೆ ಸುರಿಯುವುದು ತಮ್ಮ ಕಾಯಕ; ಈ ಅವಳಿ ನಗರದಲ್ಲಿ ಸಂಜೆ ಐದಾದರೆ ಚುರುಮರಿ ಕಲಸಿದ ಗಿರ್ಮಿಟ್ಟಿಗಾಗಿ ಬಾಯಿ ತೆರೆಯುವ ಜನರೆಲ್ಲ ತಮ್ಮ ಪರೋಕ್ಷ ಭಕ್ತರು. 'ಚುರುಕುಮರಿ' ಎಂಬ ಹೆಸರು ನಾನಿಟ್ಟದ್ದು. ಚುರುಮರಿಯೂ ಬಂತು, ಚುರುಕೂ ಬಂತು ಎಂದು ವಿಭಾಗದ ಸಭೆಯಲ್ಲಿ ವಿವರಿಸಿದಾಗ ಒಬ್ಬರೂ ನಗಲಿಲ್ಲವಾದ್ದರಿಂದ, ಇದು ಗಂಭೀರ ಸಂಶೋಧನೆಯೆಂದು ನನಗೆ ಖಾತ್ರಿಯಾಯಿತು.

ಇನ್ನು ನನ್ನ ಪರಿಚಯ. ನಮ್ಮಪ್ಪ ಉಡಚಪ್ಪನವರು ನನಗೆ ಪ್ರತಾಪ ಎಂದು ಹೆಸರಿಟ್ಟು, ಅದನ್ನು ತೋರಿಸುವ ಜವಾಬ್ದಾರಿಯನ್ನು ನನಗೇ ಬಿಟ್ಟರು. ಧಾರವಾಡದ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಹದಿನಾಲ್ಕು ವರ್ಷಗಳಿಂದ ಸಹ ಪ್ರಾಧ್ಯಾಪಕನಾಗಿದ್ದೇನೆ. ಯಾರಾದರೂ ಪರಿಚಯ ಕೇಳಿದರೆ 'ನಾನು ಸಹ ಪ್ರಾಧ್ಯಾಪಕ' ಎನ್ನುತ್ತೇನೆ. ಕೇಳಿದವರು 'ಹೌದೇನ್ರಿ, ನೀವೂ?' ಎನ್ನುತ್ತಾರೆ. ಈ 'ಸಹ'ವನ್ನು ಇನ್ನು ಸಹಿಸಲಾರೆ ಎಂದು ಬಡ್ತಿಯ ಅರ್ಜಿ ತೆಗೆದು ನೋಡಿದರೆ, ಅದರಲ್ಲಿ ಒಂಬತ್ತನೆಯ ಕಾಲಮ್ಮು: 'ವಿಶ್ವವಿದ್ಯಾಲಯದಿಂದ ಉದ್ಯಮಕ್ಕೆ ವರ್ಗಾಯಿಸಿದ ತಂತ್ರಜ್ಞಾನ, ಕನಿಷ್ಠ ಒಂದು.' ಧಾರವಾಡದಲ್ಲಿ ವಿಚಾರ, ಹುಬ್ಬಳ್ಳಿಯಲ್ಲಿ ವ್ಯಾಪಾರ; ನಡುವೆ ಚಿಗರಿ ಬಸ್ಸು ಓಡುತ್ತದೆಯೇ ಹೊರತು ತಂತ್ರಜ್ಞಾನ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಅದನ್ನು ಬಸ್ಸು ಹತ್ತಿಸುವ ಪುಣ್ಯ ನನಗಿರಲಿ ಎಂದು ನಾನು ಪಣ ತೊಟ್ಟೆ. ಮೇಲೆ ಕೋಟೂ ತೊಟ್ಟೆ.

ತಮಗೆ ನೆನಪಿದೆ. ತಮಗೆ ಎಲ್ಲವೂ ನೆನಪಿದೆ, ಅದೇ ನನ್ನ ದೂರು. ಆದರೂ ಕ್ರಮವಾಗಿ ಹೇಳುತ್ತೇನೆ. ಮೊದಲ ಮೂರು ತಿಂಗಳು ತಾವು ನಮ್ಮ ಪ್ರಯೋಗಾಲಯದಲ್ಲಿ ಅಂಗಡಿಯ ಅಕ್ಕಿಯನ್ನು ತೆಗೆದುಕೊಂಡು, ಒಂದೋ ಕರಿ ಕಡ್ಡಿಯನ್ನಾಗಿ, ಇಲ್ಲವೇ ಬಿಸಿ ಅಕ್ಕಿಯನ್ನಾಗಿ ವಾಪಸ್ಸು ಕೊಡುತ್ತಿದ್ದಿರಿ. ನಾನು ಉಷ್ಣಾಂಶ ಏರಿಸಿದೆ, ಇಳಿಸಿದೆ. ಡ್ರಮ್ಮಿನ ವೇಗ ಬದಲಿಸಿದೆ. ಎರಡು ಪ್ರಬಂಧಗಳನ್ನೂ ಬರೆದೆ. ಪ್ರಬಂಧಗಳು ಅರಳಿದವು, ಅಕ್ಕಿ ಅರಳಲಿಲ್ಲ. ನಿವೃತ್ತಿಗೆ ಎರಡು ವರ್ಷವಿರುವ ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ಕುಮಾರಸ್ವಾಮಿಯವರು ಪ್ರತಿ ಪ್ರಯೋಗದ ಫಲವನ್ನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಿಟಕಿಯಾಚೆ ಉಗುಳಿ, ತಮ್ಮ ಡ್ರಮ್ಮಿನ ಪಕ್ಕದ ಪ್ಯಾನೆಲ್ಲಿನಲ್ಲಿ ಷರಾ ಟೈಪು ಮಾಡುತ್ತಿದ್ದರು. ಒಂದು ದಿನ ಹಲ್ಲಿನ ಚೂರು ಕೈಗೆ ಬಂದ ಮೇಲೆ ಅವರು ಹೇಳಿದರು: "ಸರ್ರ, ಇದನ್ನ ದಿನಾ ಮಾಡಾವ್ರನ್ನ ಒಮ್ಮೆ ಕೇಳಿದ್ರ ಏನ ಗಂಟ ಹೋಗತೈತ್ರಿ?" ಈ ಸಂಶೋಧನಾ ವಿಧಾನ ನನ್ನ ಯೋಜನಾ ಪ್ರಸ್ತಾವನೆಯಲ್ಲಿ ಇರಲಿಲ್ಲ. ಆದರೂ ಅವರ ಸ್ಕೂಟರಿನ ಹಿಂದೆ ಕುಳಿತು ಹೋದೆ.

ಹೀಗೆ ನಾವು ಲಾಲಸಾಬ ಚಾಚಾನ ಭಟ್ಟಿಗೆ ಬಂದೆವು. ಅಲ್ಲಿ ಹೊಗೆಯ ನಡುವೆ ಚಾಚಾ ಕೆಮ್ಮುತ್ತ ಮರಳು ತಿರುವುತ್ತಿದ್ದರು. ಹಿಂದಿನ ಕೋಣೆಯಲ್ಲಿ ಅವರ ಪತ್ನಿ ಶಹಜಹಾನಬೇಗಂ, ನಾವೆಲ್ಲ ಚಾಚಿ ಎನ್ನುವವರು, ಅಕ್ಕಿ ಹದ ಮಾಡುತ್ತಿದ್ದರು. ಉಪ್ಪು ನೀರು ಚಿಮುಕಿಸಿ, ಗೋಣಿಪಾಟಿನ ಕೆಳಗೆ ಮಲಗಿಸಿ, ಮತ್ತೆ ಎಬ್ಬಿಸಿ, ಬೆಚ್ಚಗಿನ ನೆಲದ ಮೇಲೆ ಹರವಿ, ನಡುನಡುವೆ ಒಂದು ಕಾಳು ಮುಂದಿನ ಹಲ್ಲಿಗೆ ಕೊಟ್ಟು ಕಟ್ಟೆಂದು ಕಡಿದು ನೋಡುವುದು ಅವರ ಕ್ರಮ. "ಕಾಳು ಹಲ್ಲಿಗೆ ಹೇಳತೈತ್ರಿ ಸರ್ರ, ನನ್ನ ಇನ್ನ ಬಿಡ ಅಂತ, ಇಲ್ಲಾ ಈಗ ಹುರಿ ಅಂತ" ಎಂದರು. ಉಪ್ಪು ಎಷ್ಟು, ಎಷ್ಟು ಹೊತ್ತು ಮಲಗಿಸಬೇಕು, ಯಾವಾಗ ಎಬ್ಬಿಸಬೇಕು ಎಂಬುದನ್ನೆಲ್ಲ ನನಗೆ ಒಂದು ಕಪ್ ಚಹಾ ಮುಗಿಯುವುದರೊಳಗೆ ಹೇಳಿಕೊಟ್ಟರು. ಆ ವಿವರಗಳನ್ನು ಈ ಪತ್ರದಲ್ಲಿ ಬರೆಯುವಂತಿಲ್ಲ. ಕಾರಣ ಕೊನೆಗೆ ತಿಳಿಯುತ್ತದೆ. ಸದ್ಯಕ್ಕೆ ಇಷ್ಟು ಸಾಕು: ಅವರು ಹದ ಮಾಡಿದ ಅಕ್ಕಿಯನ್ನು ತಮ್ಮ ಬಾಯಿಗೆ ಹಾಕಿದ ದಿನ ತಾವು ಮಲ್ಲಿಗೆ ಸುರಿದಂತೆ ಸುರಿದಿರಿ. ಕುಮಾರಸ್ವಾಮಿಯವರು ಅಂದು ಉಗುಳಲಿಲ್ಲ.

ಅಂದಿನಿಂದ ವಾರಕ್ಕೊಮ್ಮೆ ಸ್ಕೂಟರಿನ ಮೇಲೆ ಚಾಚಿಯ ಅಕ್ಕಿ ಧಾರವಾಡಕ್ಕೆ ಬಂತು, ನನ್ನ ಕೀರ್ತಿ ಧಾರವಾಡದಿಂದ ಹೊರಟಿತು. ಚಾಚಿ ಹಲ್ಲಿಗೆ ಕೊಟ್ಟದ್ದನ್ನು ನಾನು 'ಕಾಳಿನ ಗಡಸುತನ ಪರೀಕ್ಷೆ' ಎಂದು ಬರೆದೆ. ಗೋಣಿಪಾಟನ್ನು 'ನಿಯಂತ್ರಿತ ಆರ್ದ್ರತೆಯ ಆವರಣ' ಎಂದೆ. ಪೇಟೆಂಟ್ ಅರ್ಜಿಯಲ್ಲಿ ನನ್ನದೆಂದು ಹಕ್ಕು ಹೇಳಿಕೊಂಡ ಆರು ಅಂಶಗಳಲ್ಲಿ ಹೊಗೆ ಹೀರುವ ಚಿಮಣಿ, ಆ ಎಡಬದಿಯ ಬಾಗಿಲು, ಇವೆರಡು ನನ್ನವು. ಉಳಿದ ನಾಲ್ಕು ಆ ಒಂದು ಕಪ್ ಚಹಾದವು. ಹಾಗೆಂದು ನಾನು ಕೃತಘ್ನನಲ್ಲ. ಕೊನೆಯ ಪುಟದ ಅಡಿಟಿಪ್ಪಣಿಯಲ್ಲಿ 'ಕೆಲವು ಮಾಹಿತಿ ಸ್ಥಳೀಯ ಮೂಲದಿಂದ' ಎಂದು ಸಣ್ಣಕ್ಷರದಲ್ಲಿ ನಮೂದಿಸಿದ್ದೇನೆ. ಓದಿದವರು ಬೋರ್‌ವೆಲ್ ಎಂದುಕೊಂಡಿರಬಹುದು.

ಆಮೇಲೆ ಉದ್ಯಮ ಬೇಕಾಯಿತು. ದೊಡ್ಡ ಕಂಪನಿಗಳಿಗೆ ಹನ್ನೆರಡು ಪತ್ರ ಬರೆದೆ. ಹನ್ನೊಂದು ಉತ್ತರಿಸಲಿಲ್ಲ, ಹನ್ನೆರಡನೆಯದು ನನ್ನ ಬಳಿಯೇ ಟೈಲ್ಸು ಮಾರಲು ನೋಡಿತು. ಗಡುವು ಹತ್ತಿರ ಬಂದಾಗ ನನಗೆ ಹೊಳೆದ ಉಪಾಯವನ್ನು ಇಂದಿಗೂ ನೆನೆದು ನಾನೇ ಬೆರಗಾಗುತ್ತೇನೆ: ಲಾಲಸಾಬ ಚಾಚಾನ ಭಟ್ಟಿಯೂ ಒಂದು ಉದ್ಯಮವಲ್ಲವೇ? ಸಣ್ಣ ಉದ್ದಿಮೆಯೆಂದು ಚಾಚಿಯ ಹೆಸರಿನಲ್ಲಿ ಅದರ ನೋಂದಣಿಯೂ ಆಗಿತ್ತು. ಹೀಗೆ ಅವರ ಮನೆಯಿಂದ ತಂದದ್ದನ್ನು ಹದಿನಾಲ್ಕು ಪುಟಗಳ ಇಂಗ್ಲಿಷಿನಲ್ಲಿ ಸುತ್ತಿ ಅವರಿಗೇ ವರ್ಗಾಯಿಸುವುದೆಂದು ತೀರ್ಮಾನವಾಯಿತು. ನಮ್ಮಲ್ಲಿ ವರ್ಗಾವಣೆ ಎಂದರೆ ಮೊದಲು ಶಿಫಾರಸು, ಆಮೇಲೆ ಬೀಳ್ಕೊಡುಗೆಯ ಹಾರ, ಕೊನೆಗೆ ಸಾಮಾನು ಟೆಂಪೋದಲ್ಲಿ. ತಮಗೆ ಮೂರೂ ಸಾಂಗವಾಗಿ ನಡೆದವು.

ಒಪ್ಪಂದದ ಸಮಾರಂಭ ತಾವೂ ವೇದಿಕೆಯ ಮೇಲಿದ್ದು ನೋಡಿದ್ದೀರಿ. ಕೆಂಪು ವೆಲ್ವೆಟ್ಟಿನ ಎರಡು ಫೈಲುಗಳನ್ನು ಕುಲಪತಿಗಳೂ ಚಾಚಿಯೂ ಅದಲುಬದಲು ಮಾಡಿಕೊಂಡರು. ಒಳಗೆ ಏನೂ ಇರಲಿಲ್ಲ, ಅಸಲು ಪ್ರತಿ ಪಕ್ಕದ ಮೇಜಿನ ಮೇಲಿತ್ತು. ಸಹಿ ಮಾಡುವ ಮುನ್ನ ಚಾಚಿ ನನ್ನನ್ನು ಕೇಳಿದರು: "ಇದರಾಗ ಏನ ಬರದೈತ್ರಿ ಸರ್ರ?" ಛಾಯಾಗ್ರಾಹಕನಿಗೆ ಇನ್ನೊಂದು ಸಮಾರಂಭಕ್ಕೆ ಹೋಗಬೇಕಿತ್ತು. ನಾನು ಹದಿನಾಲ್ಕು ಪುಟಗಳಲ್ಲಿ ಹನ್ನೊಂದನೆಯ ಕಲಮು ಒಂದನ್ನೇ ಆರಿಸಿ ಕನ್ನಡಕ್ಕೆ ಇಳಿಸಿದೆ: "ಈ ಹದ ಯಾರಿಗೂ ಹೇಳಬಾರದು ಅಂತ ಅಷ್ಟರಿ." ಚಾಚಿ ಪೆನ್ನು ನಿಲ್ಲಿಸಿದರು. "ಯಾರಿಗೂ ಅಂದ್ರ? ಸೊಸಿಗೂ?" ಛಾಯಾಗ್ರಾಹಕ ಗಡಿಯಾರ ನೋಡುತ್ತಿದ್ದ. "ಯಾರಿಗೂ ಅಂದ್ರ ಯಾರಿಗೂ ರಿ" ಎಂದೆ. ಚಾಚಿ ಒಂದು ಕ್ಷಣ ನನ್ನ ಮುಖ ನೋಡಿ, ಉರ್ದುವಿನಲ್ಲಿ ನಿಧಾನವಾಗಿ ಸಹಿ ಮಾಡಿದರು. ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಮಾನ್ಯರೇ, ಆಮೇಲಿನ ಒಂದು ವರ್ಷ ತಾವು ಆ ಮನೆಯಲ್ಲೇ ಇದ್ದಿರಿ, ನಾನಿರಲಿಲ್ಲ. ತಮ್ಮಿಂದ ಹೊಗೆ ಕಡಿಮೆಯಾಯಿತು, ಚಾಚಾನ ಕೆಮ್ಮು ಕಡಿಮೆಯಾಯಿತು ಎಂಬುದನ್ನು ಮಾತ್ರ ಕೇಳಿ ಎದೆಯುಬ್ಬಿಸಿಕೊಂಡು ತಿರುಗಿದೆ, ಮತ್ತು ಅದು ಸುಳ್ಳೂ ಅಲ್ಲ. ಸಹಿ ಮಾಡಿದ ಮರುದಿನದಿಂದ ಚಾಚಿ ಹದದ ಕೋಣೆಯ ಬಾಗಿಲು ಹಾಕಿಕೊಂಡು ಅಕ್ಕಿ ಹದ ಮಾಡತೊಡಗಿದರೆಂಬುದು ಆಗ ನನಗೆ ಯಾರೂ ಹೇಳದ ಸಂಗತಿ. ಮಗ ಇಕ್ಬಾಲನ ಹೆಂಡತಿ ಗುಲ್ನಾಜ ಆ ಮನೆಗೆ ಬಂದು ಆಗಷ್ಟೇ ಆರು ತಿಂಗಳಾಗಿತ್ತು. ಅತ್ತೆಗೆ ತನ್ನ ಮೇಲೆ ಭರವಸೆಯಿಲ್ಲ, ಅದಕ್ಕೇ ಬಾಗಿಲು ಹಾಕುತ್ತಾರೆ ಎಂದು ಆಕೆ ತಿಳಿದಳು. ಬೇರೆ ಭಟ್ಟಿಗಳ ಹೆಂಗಸರು ಎಂದಿನಂತೆ ಹದ ಕೇಳಲು ಬಂದಾಗ ಚಾಚಿ ಮಾತು ಮರೆಸಿ ಚಹಾ ಕೊಟ್ಟು ಕಳಿಸಿದರು. "ಮಷೀನ ಬಂದಮ್ಯಾಲೆ ಬೇಗಂಗ ಸೊಕ್ಕ ಬಂದೈತಿ" ಎಂದು ಓಣಿಯಲ್ಲಿ ಮಾತಾಯಿತು. ಕಾರಣ ಕೇಳಿದವರಿಗೆ ಕಾರಣ ಹೇಳುವುದೂ ಮಾತಿಗೆ ತಪ್ಪಿದಂತೆ ಎಂದುಕೊಂಡು ಅವರು ಕಾರಣವನ್ನೂ ಹೇಳಲಿಲ್ಲ. ಹದಿನಾಲ್ಕು ಪುಟಗಳ ಆ ಒಪ್ಪಂದವನ್ನು ನಮ್ಮ ವಿಶ್ವವಿದ್ಯಾಲಯದಲ್ಲಿ ಯಾರೂ ಪೂರ್ತಿ ಓದಿರಲಿಲ್ಲ, ನಾನೂ ಸಹ. ಅದನ್ನು ಅಕ್ಷರಶಃ ಪಾಲಿಸಿದ ಒಬ್ಬರೇ ವ್ಯಕ್ತಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಈ ವರ್ಷ ಚಾಚಾ ಮತ್ತು ಚಾಚಿ ಹಜ್‌ಗೆ ಹೊರಟರು. ಹೊರಡುವವರು ಮೊದಲು ಬಂಧುಬಳಗ, ನೆರೆಹೊರೆ, ವ್ಯವಹಾರದವರು ಎಲ್ಲರ ಮನೆಗೂ ಹೋಗಿ ಮಾಫಿ ಕೇಳಿ ಬರುವುದು ಅವರ ಪದ್ಧತಿ. ಹಾಗೆ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಕೇಶ್ವಾಪುರದ ನಮ್ಮ ಮನೆಗೆ ಬಂದರು. "ಅಂದಿದ್ದು ಆಡಿದ್ದು ಮಾಫ ಮಾಡ್ರಿ ಸರ್ರ" ಎಂದರು ಚಾಚಾ. ಅಯ್ಯೋ, ತಾವೆಂಥ ದೊಡ್ಡವರು ಎಂದು ನಾನು ಶಾಸ್ತ್ರಕ್ಕೆ ತಕ್ಕ ಮಾತಾಡಿ, ಒಳಗೆ ಚಹಾ ಹೇಳಿದೆ. ಚಾಚಿ ಕುಳಿತುಕೊಳ್ಳಲಿಲ್ಲ. "ನಂದು ಬ್ಯಾರೆ ಐತ್ರಿ ಸರ್ರ. ನಾ ಕರಾರ ಮುರದೇನಿ" ಎಂದರು. "ನಲವತ್ತ ದಿನಾ ನಾವು ಇರಂಗಿಲ್ಲ. ಭಟ್ಟಿ ನಿಂತ್ರ ಹುಡುಗರು ಏನ ತಿನಬೇಕ್ರಿ? ನಿನ್ನೆ ಗುಲ್ನಾಜಗ ಎಲ್ಲಾ ಹದ ಹೇಳಿಕೊಟ್ಟೆ. ನೀವು ಯಾರಿಗೂ ಅಂದ್ರ ಯಾರಿಗೂ ಅಂದಿದ್ರಿ. ತಪ್ಪಾತು, ಮಾಫ ಮಾಡ್ರಿ."

ಮಾನ್ಯರೇ, ಎರಡುನೂರೈವತ್ತು ಡಿಗ್ರಿಯ ಮರಳಿನಲ್ಲಿ ದಿನವಿಡೀ ಹೊರಳುವ ತಮಗೆ ಬಿಸಿ ಎಂದರೇನೆಂದು ನಾನು ಹೇಳಬೇಕಿಲ್ಲ. ನನ್ನ ಕಿವಿಗಳು ಅಂದು ಆ ಮಟ್ಟ ಮುಟ್ಟಿದವು. ನನಗೆ ಹೇಳಿಕೊಟ್ಟದ್ದನ್ನು ಸೊಸೆಗೆ ಹೇಳಿಕೊಟ್ಟದ್ದಕ್ಕಾಗಿ ಅವರು ನನ್ನೆದುರು ನಿಂತು ಕ್ಷಮೆ ಕೇಳುತ್ತಿದ್ದರು. ನಾನು ಗಾಬರಿಯಿಂದ "ಮಾಫ, ಮಾಫ, ಎಲ್ಲಾ ಮಾಫರಿ ಚಾಚಿ" ಎಂದೆ. ಅವರು ಅಡ್ಡಡ್ಡ ತಲೆಯಾಡಿಸಿದರು. "ನಿಮ್ಮ ಬಾಯಿಂದಲ್ರಿ. ಆ ಕಾಗದದಾಗ ನಿಮ್ಮ ದೊಡ್ಡ ಸಾಹೇಬ್ರ ಸಹಿ ಐತಿ. ಅವರ ಕಡಿಂದ ಒಂದ ಚೀಟಿ ತಂದ ಕೊಡ್ರಿ, ಬೇಗಂ ಮ್ಯಾಲೆ ನಮ್ಮದೇನೂ ಇಲ್ಲಾ ಅಂತ. ಮಾತ ಮುರದಾಕಿ ಅಂತ ಹೊತಗೊಂಡ ನಾ ಅಲ್ಲಿಗೆ ಹೆಂಗ ಹೋಗಲಿ?" ಹೊರಡುವುದು ಮುಂದಿನ ಸೋಮವಾರ. ಎಂಟು ದಿನ ಉಳಿದಿದ್ದವು.

ಮರುದಿನ ನಮ್ಮ ತಂತ್ರಜ್ಞಾನ ವರ್ಗಾವಣೆ ಕೋಶದ ಮುಖ್ಯಸ್ಥೆ ಮೈತ್ರೇಯಿ ಮ್ಯಾಡಮ್ಮನವರ ಮುಂದೆ ಕುಳಿತೆ. ಪರವಾನಗಿಗೆ, ನವೀಕರಣಕ್ಕೆ, ಉಲ್ಲಂಘನೆಗೆ, ಉಲ್ಲಂಘನೆಯ ಮುಂದೂಡಿಕೆಗೆ ಅವರಲ್ಲಿ ನಮೂನೆಗಳಿದ್ದವು. ಕ್ಷಮೆಗೆ ನಮೂನೆ ಇರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, ಎರಡು ದಾರಿ ತೋರಿಸಿದರು. "ಒಂದು, ಲೈಸೆನ್ಸ್ ತಗೊಂಡವರು ತಪ್ಪು ಒಪ್ಪಿ ಸಹಿ ಮಾಡಬೇಕ್ರಿ, ನಾವು ಮನ್ನಾ ಮಾಡತೇವಿ. ಅರ್ಧ ತಾಸಿನ ಕೆಲಸ. ಎರಡು, ಈ ಹದ ಒಪ್ಪಂದಕ್ಕಿಂತ ಮೊದಲ ಅವರದ ಇತ್ತು ಅಂತ ನೀವು ಬರದ ಕೊಡಬೇಕು, ಪುರಾವೆ ಹಚ್ಚಿ. ಆವಾಗ ಹನ್ನೊಂದನೇ ಕಲಮು ಅವರಿಗೆ ಹತ್ತಂಗೇ ಇಲ್ಲ, ಅವರು ತಪ್ಪೇ ಮಾಡಿಲ್ಲ." ನಾನು ಎರಡನೆಯದರ ಪರಿಣಾಮ ಕೇಳಿದೆ. "ಪೇಟೆಂಟ್ ಅರ್ಜಿಯಿಂದ ನಾಲ್ಕು ಅಂಶ ಹೋಗತಾವು. ಮತ್ತ ಇದು ನಮ್ಮಿಂದ ಉದ್ಯಮಕ್ಕ ಹೋದ ತಂತ್ರಜ್ಞಾನ ಅಲ್ಲ, ಉದ್ಯಮದಿಂದ ನಮಗ ಬಂದದ್ದು ಅಂತ ಆಗತದ. ಪ್ರಮೋಶನ್ ಫಾರ್ಮಿನ್ಯಾಗ ಅದಕ್ಕ ಕಾಲಮ್ಮಿಲ್ಲ, ಪ್ರತಾಪ ಸರ್." ಬಡ್ತಿಯ ಸಂದರ್ಶನ ಮುಂದಿನ ವಾರದ ಬುಧವಾರ ಇತ್ತು.

ತಾವು ಊಹಿಸಿದಂತೆ ನಾನು ಮೊದಲನೆಯ ದಾರಿ ಹಿಡಿದೆ. ಎಂಥ ಉದಾತ್ತ ಕ್ಷಮಾಪತ್ರ ಬರೆದೆನೆಂದರೆ, ಬರೆಯುತ್ತ ಬರೆಯುತ್ತ ನನ್ನ ಔದಾರ್ಯಕ್ಕೆ ನನ್ನ ಕಣ್ಣೇ ತೇವವಾಯಿತು. ಅದನ್ನು ಹಿಡಿದುಕೊಂಡು ಬುಧವಾರ ಭಟ್ಟಿಗೆ ಬಂದದ್ದನ್ನು, ತಮ್ಮ ಪಕ್ಕದ ಸ್ಟೂಲಿನ ಮೇಲೆಯೇ ಕುಳಿತದ್ದನ್ನು ತಾವು ಬಲ್ಲಿರಿ. ಕನ್ನಡ ಓದಬಲ್ಲವಳೆಂದು ಗುಲ್ನಾಜ ಗಟ್ಟಿಯಾಗಿ ಓದಿದಳು: 'ಶ್ರೀಮತಿ ಶಹಜಹಾನಬೇಗಂ ಎಂಬ ನಾನು, ಸಂಸ್ಥೆಯ ಗೌಪ್ಯ ತಂತ್ರಜ್ಞಾನವನ್ನು ಅನುಮತಿಯಿಲ್ಲದೆ ಅನ್ಯರಿಗೆ ತಿಳಿಸಿದ ತಪ್ಪನ್ನು ಒಪ್ಪಿಕೊಂಡಿದ್ದು, ಸಂಸ್ಥೆಯು ಉದಾರ ಮನಸ್ಸಿನಿಂದ...' ಅಲ್ಲಿಗೆ ನಿಲ್ಲಿಸಿದಳು. ಅತ್ತೆ ಒಂದು ವರ್ಷ ಬಾಗಿಲು ಹಾಕಿಕೊಂಡದ್ದು ಏಕೆಂದು ಆಕೆಗೆ ಆ ಸಾಲಿನಲ್ಲಿ ತಿಳಿಯಿತೆಂದು ಕಾಣುತ್ತದೆ. ಕಾಗದ ಮಡಚಿ ತಲೆ ಎತ್ತಿದಳು.

"ಸರ್ರ, ಒಂದ ಮಾತ ಕೇಳತೇನ್ರಿ, ಸಿಟ್ಟಾಗಬ್ಯಾಡ್ರಿ. ಈ ಹದ ಅತ್ತಿ ನಿಮಗ ಹೇಳಿಕೊಟ್ರೋ, ನೀವು ಅತ್ತಿಗೆ ಹೇಳಿಕೊಟ್ರೋ? ಮತ್ತ ಇದರಾಗ 'ಅನ್ಯರು' ಅಂದ್ರ ನಾನೇನ್ರಿ?"

"ಸುಮ್ನಿರ, ಸರ್ ಮುಂದ ಹಂಗ ಮಾತಾಡ್ತಾರೇನು" ಎಂದು ಚಾಚಿ ಗದರಿದರು, ಚಷ್ಮಾ ಹಾಕಿಕೊಂಡರು, ಸಹಿ ಮಾಡಲು ನನ್ನ ಪೆನ್ನು ತೆಗೆದುಕೊಂಡರು. ಪೆನ್ನು ಬರೆಯಲಿಲ್ಲ. ಜೇಬಿನಲ್ಲಿ ಇನ್ನೊಂದಿತ್ತು. ಅದನ್ನು ತೆಗೆದುಕೊಡುವ ಬದಲು ನನ್ನ ಕೈ ಆ ಕಾಗದವನ್ನು ಹಿಂದಕ್ಕೆ ಎಳೆದುಕೊಂಡಿತು. "ಒಂದು ಅಕ್ಷರ ತಪ್ಪಾಗೇದ್ರಿ ಚಾಚಿ, ತಿದ್ದಿ ತರತೇನಿ" ಎಂದು ಬಾಯಿ ಸುಳ್ಳು ಹೇಳಿತು. ಇದನ್ನು ಧೈರ್ಯವೆಂದು ಯಾರೂ ತಿಳಿಯಬಾರದು. ನಿರ್ಧಾರ ಕೈಯದು, ನನ್ನದಲ್ಲ. ಏಳುವಾಗ ಪುರಾವೆ ಇದೆಯೋ ಇಲ್ಲವೋ ನೋಡೋಣವೆಂದು, ಇಲ್ಲವೆಂದೇ ಆಗಲಿ ಎಂದು ಒಳಗೊಳಗೆ ಹಾರೈಸುತ್ತ, ತಮ್ಮ ಪ್ಯಾನೆಲ್ಲಿನಿಂದ ಮೆಮೊರಿ ಕಾರ್ಡು ತೆಗೆದುಕೊಂಡು ಬಂದೆ.

ಈಗ ದೂರು. ಮಾನ್ಯರೇ, ಇಷ್ಟೊಂದು ನೆನಪಿಟ್ಟುಕೊಳ್ಳುವ ಅಗತ್ಯವಾದರೂ ಏನಿತ್ತು? ನಮ್ಮ ವಿಶ್ವವಿದ್ಯಾಲಯದಲ್ಲಿ ಎಂಥೆಂಥ ಘನ ಪಂಡಿತರು ತಾವು ಯಾರಿಂದ ಏನು ಕಲಿತೆವೆಂಬುದನ್ನು ಸಲೀಸಾಗಿ ಮರೆತು, ನಿಶ್ಚಿಂತೆಯಿಂದ ನಿವೃತ್ತರಾಗಿದ್ದಾರೆ! ತಾವು ನೋಡಿದರೆ ಪ್ರತಿ ಹುರಿತದ ದಿನಾಂಕ, ಉಷ್ಣಾಂಶ, ಅರಳಿದ ಪ್ರಮಾಣ ಎಲ್ಲವನ್ನೂ ಬರೆದಿಟ್ಟಿದ್ದೀರಿ, ಜೊತೆಗೆ ಕುಮಾರಸ್ವಾಮಿಯವರ ಷರಾಗಳನ್ನೂ. 'ಸರ್ ಹದ: ನೂರರಲ್ಲಿ ಒಂಬತ್ತು.' 'ಸರ್ ಹದ: ನೂರರಲ್ಲಿ ಹನ್ನೊಂದು, ಹಲ್ಲು ನೋವು.' 'ಬೇಗಂ ಹದ: ತೊಂಬತ್ತೈದು.' 'ಸರ್ ಹದ, ಸರ್ ಇಂದು ಭಾಳ ಹುಮ್ಮಸ್ಸಿನಲ್ಲಿದ್ದಾರೆ: ಏಳು.' ಹೀಗೆ ನೂರಾ ನಲವತ್ತು ಸಾಲು. ಆಮೇಲಿನ ಪ್ರಬಂಧಗಳಲ್ಲಿ ನಾನು ಈ ಎರಡು ಹದಗಳನ್ನೂ ಬೆರೆಸಿ ಒಂದು ಸುಂದರವಾದ ಏರುಗೆರೆ ಎಳೆದಿದ್ದೆ. ತಾವು ಅದನ್ನು ಇಬ್ಬರು ಮನುಷ್ಯರನ್ನಾಗಿ ಬಿಡಿಸಿಟ್ಟಿರಿ. ಇದನ್ನು ಅಳಿಸಲು ಬರುತ್ತದೆಯೇ ಎಂದು ನಾನು ಕುಮಾರಸ್ವಾಮಿಯವರನ್ನು, ಬರೀ ಜ್ಞಾನದಾಹದಿಂದ, ವಿಚಾರಿಸಿದೆ. "ಬರಂಗಿಲ್ರಿ ಸರ್ರ. ಯಾರೂ ತಿದ್ದಬಾರದು, ಸಂಶೋಧನೆ ಅಂದ್ರ ಪ್ರಾಮಾಣಿಕ ಇರಬೇಕು ಅಂತ ನೀವ ಹಂಗ ಮಾಡಿಸೀರಿ" ಎಂದರು. ಅವರ ಮುಖದಲ್ಲಿ ನಗುವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಅಳಿಸಲು ಬಾರದಿದ್ದರೇನಂತೆ, ಡ್ರಾವರಿನಲ್ಲಿ ಇಡಲು ಬರುತ್ತದೆ. ಕಾರ್ಡು ನನ್ನ ಡ್ರಾವರಿನಲ್ಲಿ ಗುರುವಾರವೂ ಇತ್ತು, ಶುಕ್ರವಾರವೂ ಇತ್ತು. ನನ್ನ ಪೂರ್ಣ ಪ್ರಾಧ್ಯಾಪಕತ್ವವೂ ಅದೇ ಡ್ರಾವರಿನಲ್ಲಿ ಅದರ ಪಕ್ಕದಲ್ಲೇ ಮಲಗಿತ್ತು. ಎರಡರಲ್ಲಿ 'ನನ್ನ ಇನ್ನ ಬಿಡ' ಎಂದು ಯಾವುದು ಹೇಳುತ್ತಿದೆ, 'ಈಗ ಹುರಿ' ಎಂದು ಯಾವುದು ಹೇಳುತ್ತಿದೆ ಎಂದು ಹಲ್ಲಿಗೆ ಕೊಟ್ಟು ನೋಡುವ ವಿದ್ಯೆ ನನಗಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಲಾಲಸಾಬ ಚಾಚಾನ ಫೋನು ಬಂತು. "ಸರ್ರ, ಆ ಚೀಟಿ ಆತೇನ್ರಿ? ನನ್ನ ಬ್ಯಾಗ ತಯಾರಾತು. ಇಕಿ ಇನ್ನೂ ಒಂದ ಅರಿವಿ ಸೈತ ಇಡವಲ್ಲಳ್ರಿ. ಚೀಟಿ ಬರಲಿ ಅಂತಾಳ. ಅಕ್ಷರ ತಪ್ಪಿದ್ರೂ ನಡೀತೈತ್ರಿ, ಅಲ್ಲಿ ಓದಾಂವಗ ತಿಳೀತೈತಿ."

ಮೇಲಿದ್ದು ಓದುವವನಿಗೆ ತಿಳಿಯುತ್ತದೆಂಬುದೇ ನನ್ನನ್ನು ಹೆದರಿಸಿತು. ಡ್ರಾವರು ತೆಗೆದೆ. ಮೈತ್ರೇಯಿ ಮ್ಯಾಡಮ್ಮನವರ ಮೇಜಿನ ಮೇಲೆ ಕಾರ್ಡಿಟ್ಟು, ಅವರೆದುರಿಗೇ ಕುಳಿತು ಕೈಬರಹದಲ್ಲಿ ಬರೆದೆ: 'ಈ ಹದದ ಜ್ಞಾನವು ಒಪ್ಪಂದಕ್ಕೆ ಮೊದಲಿನಿಂದಲೂ ಶ್ರೀಮತಿ ಶಹಜಹಾನಬೇಗಂ ಅವರದೇ ಆಗಿದ್ದು, ನನಗೆ ಅದನ್ನು ಹೇಳಿಕೊಟ್ಟವರು ಅವರೇ. ಅವರು ಯಾವ ತಪ್ಪನ್ನೂ ಮಾಡಿಲ್ಲ. ತಪ್ಪು ತಿಳಿಸಿದವನು ಕೆಳಗೆ ಸಹಿ ಮಾಡಿದ್ದಾನೆ.' ಮ್ಯಾಡಮ್ಮನವರು ಎರಡು ಸಲ ಓದಿ, "ಬುಧವಾರ ಏನ ಮಾಡತೀರಿ?" ಎಂದರು. ರಜೆ ಹಾಕುತ್ತೇನೆ, ಎಂದೆ. ಅವರು ಶನಿವಾರ ರಜೆಯಿದ್ದರೂ ಕುಲಪತಿಗಳ ಮನೆಗೆ ಸ್ವತಃ ಹೋಗಿ ಮೇಲುಸಹಿ ಹಾಕಿಸಿ ತಂದುಕೊಟ್ಟರು.

ಭಾನುವಾರ ಅದನ್ನು ತಮ್ಮ ಸನ್ನಿಧಿಯಲ್ಲೇ ಗುಲ್ನಾಜ ಓದಿದಳು, ಈ ಸಲ ಪೂರ್ತಿ, ಮತ್ತು 'ಅವರು ಯಾವ ತಪ್ಪನ್ನೂ ಮಾಡಿಲ್ಲ' ಎಂಬುದನ್ನು ಯಾರೂ ಕೇಳದಿದ್ದರೂ ಎರಡನೆಯ ಸಲ ಓದಿದಳು. ಚಾಚಿ ಕಾಗದ ಇಸಿದುಕೊಂಡು, ಓದಲು ಬಾರದ ಆ ಸಾಲುಗಳ ಮೇಲೆ ಬೆರಳಾಡಿಸಿ, ಬ್ಯಾಗಿನ ತಳದಲ್ಲಿಟ್ಟರು. ಆಮೇಲೆ ಅದರ ಮೇಲೆ ಬಟ್ಟೆ ಇಡತೊಡಗಿದರು. ನಾನು ಎದ್ದು ನಿಂತು, ಕಲಿತ ಪಾಠದಂತೆ ಹೇಳಿದೆ: "ಅಂದಿದ್ದು, ಆಡಿದ್ದು, ಬರದಿದ್ದು, ಎಲ್ಲಾ ಮಾಫ ಮಾಡ್ರಿ ಚಾಚಿ." ಅವರು ಬಟ್ಟೆ ಮಡಚುತ್ತಲೇ ಹೇಳಿದರು: "ಮಾಫ ಮಾಡೇನ್ರಿ. ಚಿಮಣಿ ಛಲೋ ಐತಿ, ನಮ್ಮವ್ರ ಕೆಮ್ಮ ಕಡಿಮಿ ಆಗೇತಿ, ಅದಕ್ಕ ದುವಾ ಮಾಡತೇನಿ. ಆದ್ರ ಆ ಬಾಗಲಾ ಒಂದ ಮಾಫ ಇಲ್ರಿ. ದಿನಾ ಹಿಡಕೊಂತೈತಿ, ದಿನಾ ಇವರು ಸೌಟಲೆ ಬಡೀಬೇಕು. ನಾವು ಬರೂದ್ರಾಗ ಅದನ್ನ ರಿಪೇರಿ ಮಾಡ್ರಿ." ಮಾನ್ಯರೇ, ತಮ್ಮ ಇಡೀ ದೇಹದಲ್ಲಿ ಸಂಪೂರ್ಣವಾಗಿ, ಯಾರ ನೆರವೂ ಇಲ್ಲದೆ, ನಾನೊಬ್ಬನೇ ಕಂಡುಹಿಡಿದದ್ದು ಆ ಬಾಗಿಲು.

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳು. ಇನ್ನು ಮುಂದೆ ಯಾರಾದರೂ ಪ್ರಾಧ್ಯಾಪಕರು ತಮ್ಮನ್ನು ನೋಡಲು ಬಂದರೆ ಒಂದೆರಡು ಸಂಗತಿಗಳನ್ನಾದರೂ ಮರೆತು ಅವರ ಮಾನ ಕಾಯಬೇಕು. ಮುಂದಿನ ವರ್ಷದ ನನ್ನ ಸಂದರ್ಶನಕ್ಕೆ ನನ್ನ ಬದಲು ತಾವೇ ಹಾಜರಾಗಬೇಕು. ತಮಗೆ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟು ರೂಢಿಯಿದೆ. ಸಾಧ್ಯವಾದರೆ ಮುಂದಿನ ಎರಡು ಹಲ್ಲು ಬೆಳೆಸಿಕೊಳ್ಳಬೇಕು. ಯಾವುದೂ ಆಗದಿದ್ದರೆ, ಪ್ರತಿ ಶನಿವಾರ ಸ್ಪ್ಯಾನರು ಹಿಡಿದು ಬಾಗಿಲು ರಿಪೇರಿಗೆ ಬರುವ ಈ ಗೃಹಸ್ಥನನ್ನು ಕಂಡಾಗ ಕನಿಷ್ಠ ಸಿಲುಕಿಕೊಳ್ಳದಂತೆ ನಟಿಸಬೇಕು. ಅರಳು ತಮ್ಮದಿರಲಿ, ಮರಳು ತಮ್ಮಲ್ಲೇ ಇರಲಿ, ಅರಳುಮರಳು ನನಗಿರಲಿ.

ಹುರಿದಷ್ಟೂ ಅರಳುವ ತಮಗೆ ತಲೆಬಾಗಿ,

ತಮ್ಮ ವಿಶ್ವಾಸಿ,
ಪ್ರತಾಪ ಉಡಚಪ್ಪ
(ಸಹ ಪ್ರಾಧ್ಯಾಪಕ, ಇಂದೂ ಸಹ)

ತಾ.ಕ.: ಕೋಶದಿಂದ ಕಳೆದ ವಾರ ಹೊಸ ಒಪ್ಪಂದ ಬಂದಿದೆ. ತಂತ್ರಜ್ಞಾನವು ಉದ್ಯಮದಿಂದ ವಿಶ್ವವಿದ್ಯಾಲಯಕ್ಕೆ ಬಂದದ್ದೆಂದು ಸಾಬೀತಾಗಿರುವುದರಿಂದ ಇನ್ನು ಮುಂದೆ ಪರವಾನಗಿದಾರ ನಾನು. ಪುಟಗಳು ಅವೇ ಹದಿನಾಲ್ಕು, ಹನ್ನೊಂದನೆಯ ಕಲಮೂ ಅದೇ. ಆದ್ದರಿಂದ ಉಪ್ಪು ಎಷ್ಟು, ಅಕ್ಕಿಯನ್ನು ಎಷ್ಟು ಹೊತ್ತು ಮಲಗಿಸಬೇಕು ಎಂಬುದನ್ನು ಈ ಪತ್ರದಲ್ಲಿ ಬರೆದಿಲ್ಲ, ಓದುಗರು ಮನ್ನಿಸಬೇಕು. ಬರೆಯಲು ಅನುಮತಿ ಸಿಗಬಹುದೇ ಎಂದು, ಚಾಚಿ ಹಜ್‌ನಿಂದ ಬರುವವರೆಗೆ ಭಟ್ಟಿಯ ಯಜಮಾನಿಕೆ ನೋಡುತ್ತಿರುವ ಗುಲ್ನಾಜಳನ್ನು ಶನಿವಾರ ಕೇಳಿದೆ. ಬಾಗಿಲು ಹಾಕಿದ್ದ ಹದದ ಕೋಣೆ ಈಗ ಹಾಡಹಗಲೇ ತೆರೆದಿತ್ತು, ಓಣಿಯ ಆರೇಳು ಹೆಂಗಸರು ಒಳಗೆ ಕುಳಿತು ಆಕೆಯಿಂದ ಹದ ಕಲಿಯುತ್ತಿದ್ದರು. ನನ್ನ ಮುಂದೆ ಒಂದು ತಟ್ಟೆ ಗಿರ್ಮಿಟ್ಟು ಇಟ್ಟು ಆಕೆ ಹೇಳಿದಳು: "ಇವರಿಗೆ ನಾ ಹೇಳಬಹುದ್ರಿ ಸರ್ರ. ನೀವು ಮಾತ್ರ ಯಾರಿಗೂ ಹೇಳಬಾರದು. ಯಾರಿಗೂ ಅಂದ್ರ ಯಾರಿಗೂ ರಿ."